ಜೋಯಿಡಾ ಕಾಡಿಗೆ ಮೂರು ದಿನ: ಹೊರಡುವ ಮೊದಲು ಹಾಕಬೇಕಾದ ಲೆಕ್ಕ

ದಾಂಡೇಲಿಗೆ ಹೋಗಿಬಂದವರು ಯಾವ ಕಚೇರಿಯಲ್ಲಿ ವಿಚಾರಿಸಿದರೂ ನಾಲ್ಕು ಜನ ಸಿಗುತ್ತಾರೆ. ಜೋಯಿಡಾಕ್ಕೆ ಹೋಗಿದ್ದೆವು ಎನ್ನುವವರು ಅಪರೂಪ. ತಮಾಷೆಯೆಂದರೆ, ಆ ನಾಲ್ವರು ಕಾಳಿ ನದಿಯಲ್ಲಿ ರಾಫ್ಟ್ ಏರಿದ ಗಣೇಶಗುಡಿಯೂ ಜೋಯಿಡಾ ತಾಲ್ಲೂಕಿನದು, ಫೋಟೊ ತೆಗೆಸಿಕೊಂಡ ಸಿಂಥೇರಿ ಬಂಡೆಯೂ ಜೋಯಿಡಾ ತಾಲ್ಲೂಕಿನದು. ಹೆಸರು ಮಾತ್ರ ದಾಂಡೇಲಿಯದು. ಪೇಟೆಯ ಸುತ್ತಲಿನ ರೆಸಾರ್ಟುಗಳಲ್ಲಿ ಎರಡು ರಾತ್ರಿ ಧ್ವನಿವರ್ಧಕದ ಹಾಡು ಕೇಳಿ ಹಿಂತಿರುಗಿದವರು, ಅಲ್ಲಿಂದ ಅರ್ಧ ಗಂಟೆ ಮುಂದೆ ಹೋಗಿದ್ದರೆ ಸಿಗುತ್ತಿದ್ದ ಬೆಟ್ಟಸೀಮೆಯನ್ನು ನೋಡಿಯೇ ಇರುವುದಿಲ್ಲ. ಈ ಬರಹ ಅಲ್ಲಿಗೆ ಎರಡು ರಾತ್ರಿ, ಮೂರು ಹಗಲಿನ ಪ್ರವಾಸವನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬುದರ ಬಗ್ಗೆ.

ಮೊದಲು ಜಾಗದ ಪರಿಚಯ. ಉತ್ತರ ಕನ್ನಡ ಜಿಲ್ಲೆಯ ವಾಯವ್ಯ ಮೂಲೆ, ಒಂದು ಬದಿಗೆ ಗೋವಾ, ಇನ್ನೊಂದು ಬದಿಗೆ ಬೆಳಗಾವಿ ಜಿಲ್ಲೆ. ಕಾಳಿ ನದಿ ಹುಟ್ಟುವುದು ಇದೇ ತಾಲ್ಲೂಕಿನ ಡಿಗ್ಗಿ ಹತ್ತಿರ. 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ತಾಲ್ಲೂಕಿಗೆ ಹಿಂದೆ ಸೂಪಾ ಎಂಬ ಹೆಸರಿತ್ತು. ಕಾಳಿ ಮತ್ತು ಪಾಂಡರಿ ನದಿಗಳು ಕೂಡುವಲ್ಲಿದ್ದ ಸೂಪಾ ಪಟ್ಟಣ 101 ಮೀಟರ್ ಎತ್ತರದ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಮೇಲೆ ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ತಾಲ್ಲೂಕಿನ ದೊಡ್ಡ ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ದಾಂಡೇಲಿ ವನ್ಯಧಾಮ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನವನ್ನು ಸೇರಿಸಿ 2007ರಲ್ಲಿ ಮಾಡಿದ ಸಂರಕ್ಷಿತ ಪ್ರದೇಶಕ್ಕೆ 2015ರಲ್ಲಿ ನದಿಯ ಹೆಸರನ್ನೇ ಇಟ್ಟರು.

ಈ ಪರಿಚಯದಲ್ಲೇ ಯೋಜನೆಯ ಸೂತ್ರವೂ ಇದೆ. ಇಲ್ಲಿ ನಿಮ್ಮ ಕೈಯಲ್ಲಿ ಇಲ್ಲದ ಸಂಗತಿಗಳು ಮೂರು: ಅಣೆಕಟ್ಟೆಯಿಂದ ಬಿಡುವ ನೀರು, ಅರಣ್ಯ ಇಲಾಖೆಯ ಗೇಟು, ಘಟ್ಟದ ರಸ್ತೆ. ನೋಡಬೇಕಾದ ಜಾಗಗಳ ಪಟ್ಟಿಯನ್ನು ಮೊದಲು ಬರೆದುಕೊಂಡು ಆಮೇಲೆ ಸಮಯ ಹುಡುಕಿದರೆ ಮೂರೂ ಕೈಕೊಡುತ್ತವೆ. ಈ ಮೂರನ್ನು ಮೊದಲು ವಿಚಾರಿಸಿ, ಉಳಿದ ಸಮಯಕ್ಕೆ ಹಿಡಿಸುವಷ್ಟೇ ಜಾಗಗಳನ್ನು ಸೇರಿಸಿಕೊಳ್ಳಿ.

ತಿಂಗಳನ್ನು ಆರಿಸುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬೀಳುವ ಮಳೆಯನ್ನು ಬಯಲುಸೀಮೆಯವರು ಊಹಿಸುವುದು ಕಷ್ಟ. ಗೋವಾ ಗಡಿಗೆ ಅಂಟಿಕೊಂಡ ಕ್ಯಾಸಲ್‌ರಾಕ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆಯಾಗುವ ಊರುಗಳ ಸಾಲಿನದು. ಆಗ ಕಾಡು ಕಣ್ತುಂಬುವಷ್ಟು ಚೆಲುವಾಗಿರುತ್ತದೆ, ನಿಜ. ಆದರೆ ಸಾಹಸ ಚಟುವಟಿಕೆಗಳು ಬಹುಪಾಲು ನಿಂತಿರುತ್ತವೆ, ಅಣಶಿ ಘಟ್ಟದಲ್ಲಿ ಗುಡ್ಡ ಜರಿದು ರಸ್ತೆ ಕಟ್ಟಿಹೋಗುವ ಸಾಧ್ಯತೆ ಇರುತ್ತದೆ, ಉಂಬಳಗಳು ಹೆಜ್ಜೆ ಹೆಜ್ಜೆಗೂ ಕಾಲು ಹುಡುಕುತ್ತವೆ. ಮಳೆ ನೋಡುವುದೇ ಉದ್ದೇಶವಾದರೆ ಹೋಗಿ, ಒಳ್ಳೆಯ ಮನೆಯೊಂದರ ಜಗಲಿಯಲ್ಲಿ ಕುಳಿತುಕೊಳ್ಳಿ. ಸಾಹಸ ಬೇಕಿದ್ದರೆ ಆ ನಾಲ್ಕು ತಿಂಗಳು ಬಿಡಿ.

ಅಕ್ಟೋಬರ್ ಕೊನೆಯಿಂದ ಜನವರಿಯವರೆಗಿನ ಅವಧಿ ನನ್ನ ಆಯ್ಕೆ. ತೊರೆಗಳಲ್ಲಿ ನೀರು ಉಳಿದಿರುತ್ತದೆ, ರಸ್ತೆ ಒಣಗಿರುತ್ತದೆ, ಬೆಳಗಿನ ಚಳಿಗೆ ಒಂದು ಸ್ವೆಟರ್ ಸಾಕು. ಚಳಿಗಾಲದಲ್ಲಿ ಜೋಯಿಡಾದಲ್ಲಿ ಗೆಡ್ಡೆ ಗೆಣಸು ಮೇಳ ನಡೆಯುವುದುಂಟು. ಕುಣಬಿ ರೈತರು ಬೆಳೆದ ಮುಡ್ಲಿ, ಕೋನ ಮೊದಲಾದ ಗೆಡ್ಡೆಗಳನ್ನು ರಾಶಿ ಹಾಕಿ ಮಾರುತ್ತಾರೆ. ಕೆಲವು ಗೆಡ್ಡೆಗಳನ್ನು ಹೊರಲು ಎರಡು ಕೈ ಬೇಕು! ನಿಮ್ಮ ದಿನಾಂಕ ಅದಕ್ಕೆ ಹೊಂದಿಕೆಯಾದರೆ ಅರ್ಧ ದಿನ ಮೀಸಲಿಡಿ.

ಫೆಬ್ರುವರಿಯಲ್ಲಿ ಒಂದು ಎಚ್ಚರಿಕೆ. ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ಉಳವಿಯ ಚನ್ನಬಸವಣ್ಣನ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯಿಂದ ಚಕ್ಕಡಿಗಳು ಸಾಲುಗಟ್ಟಿ ಬರುತ್ತವೆ. ಅಲಂಕರಿಸಿದ ಎತ್ತುಗಳು ಕಾಡುರಸ್ತೆಯಲ್ಲಿ ನಡೆದುಬರುವುದನ್ನು ನೋಡುವ ಆಸೆಯಿದ್ದರೆ ಆಗಲೇ ಹೋಗಬೇಕು. ಇಲ್ಲದಿದ್ದರೆ ಆ ವಾರ ರಸ್ತೆಯಲ್ಲಿ ನಿಮ್ಮ ಕಾರಿನ ವೇಗ ಎತ್ತಿನ ವೇಗವೇ ಆಗಿರುತ್ತದೆ ಎಂದು ತಿಳಿದು ಹೊರಡಿ.

ಮಾರ್ಚ್‌ನಿಂದ ಮೇವರೆಗೆ ಸೆಕೆ ಹೆಚ್ಚು. ಆದರೂ ಇಲ್ಲಿನ ಒಂದು ವಿಶೇಷ ಕೇಳಿ: ಪಶ್ಚಿಮ ಘಟ್ಟದ ಬಹುತೇಕ ನದಿಗಳು ಸೊರಗಿ ಬಂಡೆ ತೋರಿಸುವ ಏಪ್ರಿಲ್‌ನಲ್ಲೂ ಗಣೇಶಗುಡಿಯ ಕೆಳಗೆ ಕಾಳಿ ರಭಸವಾಗಿ ಹರಿಯುತ್ತಿರುತ್ತದೆ. ಸೂಪಾ ಅಣೆಕಟ್ಟೆಯ ಬುಡದ ವಿದ್ಯುದಾಗಾರ ಓಡುವಾಗ ಹೊರಬೀಳುವ ನೀರು ಅದು. ಹಾಗಾಗಿ ರಾಫ್ಟಿಂಗ್ ಬೇಸಿಗೆಯಲ್ಲೂ ನಡೆಯುತ್ತದೆ. ಸಮಸ್ಯೆಯೂ ಅದರಲ್ಲೇ ಇದೆ, ಮುಂದೆ ಹೇಳುತ್ತೇನೆ.

ವಾರಾಂತ್ಯಕ್ಕಿಂತ ವಾರದ ನಡುವೆ ಹೋಗಲು ಸಾಧ್ಯವಾದರೆ ಅದಕ್ಕಿಂತ ದೊಡ್ಡ ಉಪಕಾರ ಮತ್ತೊಂದಿಲ್ಲ. ದೀರ್ಘ ರಜೆಯ ಶನಿವಾರ ಗಣೇಶಗುಡಿಯ ದಡದಲ್ಲಿ ನಿಂತರೆ ನದಿಗಿಂತ ಲೈಫ್ ಜಾಕೆಟ್‌ಗಳೇ ಹೆಚ್ಚು ಕಾಣುತ್ತವೆ.

ಒಂದೇ ನೆಲೆ, ಎರಡು ರಾತ್ರಿ

ದಿನಕ್ಕೊಂದು ಕಡೆ ತಂಗುವ ಯೋಜನೆ ನಕ್ಷೆಯ ಮೇಲೆ ಸೊಗಸಾಗಿ ಕಾಣುತ್ತದೆ. ಕಾಡುರಸ್ತೆಯಲ್ಲಿ ಮೂವತ್ತು ಕಿಲೋಮೀಟರ್ ಎಂದರೆ ಒಂದು ಗಂಟೆ ಎಂದೇ ಲೆಕ್ಕ ಹಿಡಿಯಿರಿ. ಚೀಲ ಕಟ್ಟುವುದು, ಬಿಚ್ಚುವುದರಲ್ಲೇ ಎರಡು ಬೆಳಗು ಕಳೆದುಹೋಗುತ್ತವೆ. ಬೆಳಗಿನ ಹೊತ್ತೇ ಇಲ್ಲಿ ಬೆಲೆಬಾಳುವುದು. ಆದ್ದರಿಂದ ಒಂದು ನೆಲೆಯನ್ನು ಆರಿಸಿ, ಅದರ ಸುತ್ತ ತಿರುಗಿ.

ನೀರಾಟವೇ ಮುಖ್ಯವಾದರೆ ಗಣೇಶಗುಡಿ. ದಾಂಡೇಲಿಯಿಂದ ಇಪ್ಪತ್ತೈದು ಕಿಲೋಮೀಟರ್ ಒಳಗೆ. ರಾಫ್ಟಿಂಗ್, ಕಯಾಕಿಂಗ್, ಹರಿಗೋಲು ಎಲ್ಲವೂ ಇಲ್ಲಿಂದಲೇ. ಹಕ್ಕಿ ನೋಡುವವರಿಗೂ ಇದೇ ಜಾಗ. ಅಣೆಕಟ್ಟೆ ಕಟ್ಟುವಾಗ ಸ್ಫೋಟಕಗಳನ್ನು ಇಡುತ್ತಿದ್ದ ಹಳೆಯ ಮ್ಯಾಗಜಿನ್ ಹೌಸ್ ಈಗ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ತಂಗುದಾಣ. ಅಲ್ಲಿ ನೀರಿನ ಬೋಗುಣಿಗಳಿಗೆ ಬರುವ ಪುಟ್ಟ ಹಕ್ಕಿಗಳನ್ನು ಚಿತ್ರಿಸಲು ದೇಶದ ಬೇರೆ ಬೇರೆ ಕಡೆಯ ಛಾಯಾಗ್ರಾಹಕರು ಬಂದು ಕುಳಿತಿರುತ್ತಾರೆ.

ಕಾಡಿನ ಊರು, ಮನೆಯೂಟ, ನಡಿಗೆ ಬೇಕಿದ್ದರೆ ಜೋಯಿಡಾ, ಗುಂದ, ಉಳವಿ ಸುತ್ತಲಿನ ಹೋಂಸ್ಟೇಗಳು. ಇಲ್ಲಿ ಈಜುಕೊಳ ಹುಡುಕಬೇಡಿ. ಅಡಿಕೆ ತೋಟ, ಅದರಂಚಿಗೆ ಹೊಳೆ, ಹಿಂದೆ ಕಾಡು. ಸಂಜೆ ಏಳರ ಮೇಲೆ ಮಾಡಲು ಏನೂ ಇರುವುದಿಲ್ಲ. ಇದನ್ನು ಗುಣವೆಂದು ತಿಳಿಯುವವರ ಜೊತೆಗೇ ಹೋಗಿ.

ಮೂರನೆಯದು ಕ್ಯಾಸಲ್‌ರಾಕ್. ಬೆಟ್ಟದ ನೆತ್ತಿಯ ರೈಲು ನಿಲ್ದಾಣ, ಅಲ್ಲಿಂದ ಕೆಳಗೆ ಗೋವಾದತ್ತ ಇಳಿಯುವ ಬ್ರಗಾಂಜಾ ಘಟ್ಟದ ಹಳಿ. ಹತ್ತಿರದ ಕುವೇಶಿಯಲ್ಲಿ ಅರಣ್ಯ ಇಲಾಖೆ ಕಟ್ಟಿದ ಕೆನೋಪಿ ವಾಕ್ ಇದೆ. ಮರಗಳ ನೆತ್ತಿಯ ಮಟ್ಟದಲ್ಲಿ ಇನ್ನೂರನಲವತ್ತು ಮೀಟರ್‌ನಷ್ಟು ಉದ್ದಕ್ಕೆ ತೂಗುವ ಹಾದಿ. ಅಲ್ಲಿಗೆ ಇಲಾಖೆ ಒಪ್ಪಿದ ಜೀಪಿನಲ್ಲಿ ಹೋಗಬೇಕು. ಮಳೆಗಾಲದಲ್ಲಿ ಮುಚ್ಚಿರುತ್ತದೆ.

ಮೂರು ದಿನಗಳಲ್ಲಿ ಈ ಮೂರನ್ನೂ ಮುಟ್ಟಿ ಬರುತ್ತೇವೆ ಎನ್ನುವವರಿಗೆ ನನ್ನ ಉತ್ತರ ಒಂದೇ: ಮುಟ್ಟಬಹುದು, ನೋಡಲಾಗದು. ಮೊದಲ ಬಾರಿಗೆ ಹೋಗುವವರು ಗಣೇಶಗುಡಿ ಅಥವಾ ಜೋಯಿಡಾದಲ್ಲಿ ತಂಗಿ, ಕ್ಯಾಸಲ್‌ರಾಕನ್ನು ಬೇರೆ ಪ್ರವಾಸಕ್ಕೆ ಉಳಿಸಿಕೊಳ್ಳುವುದು ಜಾಣತನ.

ಅನುಮತಿ ಮತ್ತು ಫೋನ್ ಕರೆ

ಹುಲಿ ಸಂರಕ್ಷಿತ ಪ್ರದೇಶದೊಳಗೆ ಮನಸ್ಸಿಗೆ ಬಂದ ಕಾಲುದಾರಿ ಹಿಡಿದು ನಡೆಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದ ಪ್ರವೇಶವೇ ಅಪರಾಧ. ಡ್ರೋನ್ ಹಾರಿಸುವುದಂತೂ ದೂರದ ಮಾತು. ಅಂತರ್ಜಾಲದಲ್ಲಿ ಯಾರೋ ಹಾಕಿದ ಚಾರಣದ ಜಾಡನ್ನು ನಂಬಿ ಹೊರಡಬೇಡಿ. ಆ ಹಾದಿ ಅಂದು ತೆರೆದಿತ್ತೋ, ಅವರು ಕದ್ದು ಹೋಗಿದ್ದರೋ ನಿಮಗೆ ಗೊತ್ತಾಗುವುದಿಲ್ಲ. ಕವಳಾ ಗುಹೆಯ ವಿಚಾರವೂ ಹಾಗೆಯೇ. ನೂರಾರು ಮೆಟ್ಟಿಲು ಇಳಿದು, ಬಗ್ಗಿ ತೆವಳಿ, ಸುಣ್ಣದ ನೀರು ತೊಟ್ಟಿಕ್ಕಿ ಬೆಳೆದ ಶಿವಲಿಂಗ ನೋಡುವ ಅನುಭವ ಅಪೂರ್ವ. ಆದರೆ ಅದು ಕಾಡಿನೊಳಗಿನ ಜಾಗ. ಪ್ರವೇಶ ಇದೆಯೇ ಎಂದು ಆಯಾ ಕಾಲಕ್ಕೆ ಅರಣ್ಯ ಇಲಾಖೆಯನ್ನೇ ಕೇಳಬೇಕು.

ಗೋವಾ ಗಡಿಯ ದೂಧಸಾಗರ ಜಲಪಾತದ ಬಗ್ಗೆ ಪ್ರತಿಯೊಂದು ಗುಂಪಿನಲ್ಲೂ ಒಬ್ಬರು ಆಸೆ ಎತ್ತುತ್ತಾರೆ: ಕ್ಯಾಸಲ್‌ರಾಕ್‌ನಿಂದ ಹಳಿಯ ಮೇಲೆ ನಡೆದುಹೋದರಾಯಿತು ಎಂದು. ರೈಲು ಹಳಿಯ ಮೇಲೆ ನಡೆಯುವುದು ದಂಡ ಮತ್ತು ಜೈಲು ಎರಡಕ್ಕೂ ದಾರಿ. ಸುರಂಗದ ನಡುವೆ ರೈಲು ಎದುರಾದರೆ ಪಕ್ಕಕ್ಕೆ ಸರಿಯಲು ಜಾಗವೂ ಇರುವುದಿಲ್ಲ. ಆ ಮಾತನ್ನು ಅಲ್ಲಿಯೇ ಮುಗಿಸಿಬಿಡಿ.

ತಂಗುವ ಮನೆಯನ್ನು ಆನ್‌ಲೈನ್‌ನಲ್ಲಿ ನೋಡಿ, ಹಣ ಕಟ್ಟುವ ಮೊದಲು ಒಮ್ಮೆ ಮಾತನಾಡಿ. ಚಿತ್ರಗಳು ಸುಳ್ಳು ಹೇಳಬಹುದು, ಐದು ನಿಮಿಷದ ಮಾತಿನಲ್ಲಿ ಮನೆಯ ಹದ ತಿಳಿಯುತ್ತದೆ. ನಾನು ಕೇಳುವ ಪ್ರಶ್ನೆಗಳು ಇವು:

- ಮನೆಗೆ ಬರುವ ಕೊನೆಯ ಎರಡು ಮೂರು ಕಿಲೋಮೀಟರ್ ರಸ್ತೆ ಹೇಗಿದೆ, ಸಣ್ಣ ಕಾರು ಬರುತ್ತದೆಯೇ?
- ಯಾವ ಮೊಬೈಲ್ ಸಿಗ್ನಲ್ ಸಿಗುತ್ತದೆ, ಕರೆಂಟು ಹೋದರೆ ಏನು ವ್ಯವಸ್ಥೆ?
- ತಲೆಗೆ ಇಷ್ಟು ಎಂದು ಹೇಳುವ ದರದಲ್ಲಿ ಎಷ್ಟು ಹೊತ್ತಿನ ಊಟ ಸೇರಿದೆ?
- ಕಾಡಿನ ನಡಿಗೆಗೆ ಕರೆದೊಯ್ಯುವವರು ಯಾರು, ಅದು ಅನುಮತಿ ಇರುವ ಹಾದಿಯೇ?
- ರಾತ್ರಿ ಹಾಡು ಹಾಕುವವರು ಪಕ್ಕದಲ್ಲಿ ಇದ್ದಾರೆಯೇ?
- ನೀರು ಬಿಡದ ಕಾರಣ ರಾಫ್ಟಿಂಗ್ ರದ್ದಾದರೆ ಹಣ ವಾಪಸು ಬರುತ್ತದೆಯೇ?

ನಾಲ್ಕನೆಯ ಪ್ರಶ್ನೆಗೆ ‘ಅದೆಲ್ಲ ನಾವು ನೋಡಿಕೊಳ್ಳುತ್ತೇವೆ ಸರ್’ ಎಂಬ ಉತ್ತರ ಬಂದರೆ ಬೇರೆ ಮನೆ ಹುಡುಕಿ. ‘ಆ ಕಡೆ ಬಿಡುವುದಿಲ್ಲ, ನಮ್ಮ ತೋಟದ ಹಿಂದಿನ ಗುಡ್ಡಕ್ಕೆ ಹೋಗಬಹುದು’ ಎನ್ನುವವರು ನಂಬಿಕೆಗೆ ಅರ್ಹರು.

ತಲುಪುವ ಬಗೆ

ಬೆಂಗಳೂರಿನಿಂದ ದಾಂಡೇಲಿಗೆ ರಾತ್ರಿ ಬಸ್ಸುಗಳಿವೆ. ರೈಲಿನವರು ರಾತ್ರಿ ಹೊರಡುವ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹಿಡಿದರೆ ಬೆಳಿಗ್ಗೆ ಧಾರವಾಡ, ಅಳ್ನಾವರ, ಲೋಂಡಾ ಸಾಲಾಗಿ ಬರುತ್ತವೆ. ಧಾರವಾಡದಲ್ಲಿ ಇಳಿದರೆ ಹಳಿಯಾಳದ ಮೇಲೆ ದಾಂಡೇಲಿಗೆ ಬಸ್ ಸುಲಭ. ಅರವತ್ತು ಕಿಲೋಮೀಟರ್ ಒಳಗಿನ ದಾರಿ. ಸ್ವಂತ ವಾಹನವಿಲ್ಲದವರಿಗೆ ನನ್ನ ಸಲಹೆ ಧಾರವಾಡವೇ, ಬೆಳಗಿನ ತಿಂಡಿಯೂ ಅಲ್ಲಿ ಚೆನ್ನಾಗಿ ಆಗುತ್ತದೆ. ಕ್ಯಾಸಲ್‌ರಾಕ್‌ಗೆ ಹೋಗುವವರು ಹುಬ್ಬಳ್ಳಿಯಿಂದ ಗೋವಾ ಕಡೆ ಹೋಗುವ ರೈಲು ಹಿಡಿಯಬೇಕು. ಕರಾವಳಿಯವರು ಕಾರವಾರ, ಕದ್ರಾ, ಅಣಶಿ ಘಟ್ಟದ ಮೇಲೆ ಹತ್ತಿ ಬರಬಹುದು. ದಾರಿಯೇ ಒಂದು ಪ್ರವಾಸ, ಮಳೆಗಾಲ ಬಿಟ್ಟು.

ಜೋಯಿಡಾ, ಉಳವಿಗಳಿಗೆ ಸರ್ಕಾರಿ ಬಸ್ ಇದೆ, ಆದರೆ ಎಣಿಸಿದಷ್ಟೇ. ಬಸ್ಸನ್ನೇ ನಂಬಿದವರು ದಾಂಡೇಲಿ ನಿಲ್ದಾಣಕ್ಕೆ ಇಳಿದ ಕೂಡಲೇ ವಿಚಾರಣೆ ಕಿಟಕಿಯಲ್ಲಿ ಕೊನೆಯ ಬಸ್ಸಿನ ಹೊತ್ತನ್ನು ಕೇಳಿ ಬರೆದುಕೊಳ್ಳಿ. ಬಹಳಷ್ಟು ಹೋಂಸ್ಟೇಯವರು ಬಸ್ ನಿಲ್ಲುವ ಕಡೆಗೆ ಜೀಪು ಕಳಿಸುತ್ತಾರೆ, ಮೊದಲೇ ಹೇಳಿರಬೇಕು ಅಷ್ಟೆ.

ಸ್ವಂತ ವಾಹನದವರು ಇಂಧನವನ್ನು ದಾಂಡೇಲಿಯಲ್ಲೇ ತುಂಬಿಸಿ, ನಗದನ್ನೂ ಅಲ್ಲೇ ತೆಗೆಯಿರಿ. ಸಿಗ್ನಲ್ ಇಲ್ಲದ ಕಡೆ ಮೊಬೈಲ್ ಪಾವತಿ ನಡೆಯುವುದಿಲ್ಲ. ನಕ್ಷೆಯನ್ನು ಮೊದಲೇ ಫೋನಿನಲ್ಲಿ ಇಳಿಸಿಕೊಳ್ಳಿ. ಕಾಡಿನ ರಸ್ತೆಯಲ್ಲಿ ಕತ್ತಲಾದ ಮೇಲೆ ಓಡಿಸುವ ಯೋಜನೆ ಬೇಡವೇ ಬೇಡ. ಕಾಡೆಮ್ಮೆ, ಜಿಂಕೆಗಳು ತಿರುವಿನಲ್ಲಿ ಎದುರಾಗುತ್ತವೆ. ಹಗಲಿನಲ್ಲೂ ಗಾಡಿ ನಿಲ್ಲಿಸಿ ಇಳಿಯುವುದು, ಮಂಗಗಳಿಗೆ ಬಾಳೆಹಣ್ಣು ಕೊಡುವುದು ಸಲ್ಲದು.

ದಿನಗಳ ಹಂಚಿಕೆ

ಜೋಯಿಡಾ ಅಥವಾ ಗಣೇಶಗುಡಿಯ ನೆಲೆ ಎಂದುಕೊಂಡು ಹೇಳುತ್ತೇನೆ. ಅರ್ಧ ದಿನಕ್ಕೆ ಒಂದೇ ಕೆಲಸ, ಇದು ನಾನು ಮುರಿಯದ ನಿಯಮ.

ಮೊದಲ ದಿನ ರಾತ್ರಿ ಪ್ರಯಾಣದ ದಣಿವು ಮೈಮೇಲಿರುತ್ತದೆ. ಹನ್ನೊಂದರ ಹೊತ್ತಿಗೆ ಮನೆ ಸೇರಿ, ಊಟ ಮಾಡಿ, ನಿದ್ದೆ ತೆಗೆಯಿರಿ. ನಾಲ್ಕರ ಮೇಲೆ ಹಿನ್ನೀರಿನಲ್ಲೋ ತಿಳಿಹೊಳೆಯಲ್ಲೋ ಹರಿಗೋಲು ಅಥವಾ ಕಯಾಕ್. ಈಜು ಬಾರದವರಿಗೆ ನೀರಿನ ಅಂಜಿಕೆ ಕಳೆಯಲು ಇದು ಒಳ್ಳೆಯ ಪೀಠಿಕೆ. ಕತ್ತಲಾಗುವ ಮುಂಚೆ ಮಂಗಟ್ಟೆ ಹಕ್ಕಿಗಳು ತಂಗುಮರಕ್ಕೆ ಹಿಂತಿರುಗುವ ಸಮಯ. ರೆಕ್ಕೆಯ ಸದ್ದು ಮೊದಲು ಕೇಳುತ್ತದೆ, ಆಮೇಲೆ ಹಕ್ಕಿ ಕಾಣುತ್ತದೆ. ಈ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ಆಲ, ಬಸರಿ ಮರಗಳು ಹಣ್ಣು ಬಿಟ್ಟಿರುವುದು ಎಲ್ಲಿ ಎಂದು ಮನೆಯವರನ್ನು ಕೇಳಿದರೆ ಅರ್ಧ ಕೆಲಸ ಮುಗಿದಂತೆ.

ಎರಡನೆಯ ದಿನದ ಬೆಳಗನ್ನು ರಾಫ್ಟಿಂಗ್‌ಗೆ ಇಡಿ. ಮೊದಲ ದಿನವೂ ಬೇಡ, ಕೊನೆಯ ದಿನವೂ ಬೇಡ. ಕಾರಣ ಸರಳ: ಅಂದು ನೀರು ತಡವಾದರೆ ಮಧ್ಯಾಹ್ನವಿದೆ, ಮಧ್ಯಾಹ್ನವೂ ಆಗದಿದ್ದರೆ ಮರುದಿನ ಬೆಳಗಿದೆ. ಕೊನೆಯ ದಿನಕ್ಕೆ ಇಟ್ಟುಕೊಂಡವರು ದಡದಲ್ಲಿ ಗಡಿಯಾರ ನೋಡುತ್ತಾ ನಿಂತು, ಕಡೆಗೆ ಬಸ್ಸನ್ನೂ ತಪ್ಪಿಸಿಕೊಳ್ಳುತ್ತಾರೆ. ರಾಫ್ಟ್ ಮುಗಿದ ಮೇಲೆ ತೋಳು ಸೋತಿರುತ್ತದೆ, ಮಧ್ಯಾಹ್ನ ಖಾಲಿ ಬಿಡಿ. ಉತ್ಸಾಹ ಉಳಿದವರು ಸಂಜೆ ಊರಿನ ಸುತ್ತ ನಡೆದು ಬರಲಿ. ಹುಲಿ, ಕಪ್ಪು ಚಿರತೆ ನೋಡುವ ಆಸೆಯಿಂದ ಸಫಾರಿ ಹೋಗುವವರಿಗೆ ಒಂದು ಮಾತು. ಇಲ್ಲಿನ ಕಾಡು ದಟ್ಟ, ಪ್ರಾಣಿ ಕಾಣುವ ಅವಕಾಶ ಬಂಡೀಪುರ, ನಾಗರಹೊಳೆಗಿಂತ ಕಡಿಮೆ. ಕಾಡು ನೋಡಲು ಹೋಗಿ, ಕಂಡದ್ದು ಲಾಭ.

ಮೂರನೆಯ ದಿನ ಹಿಂತಿರುಗುವ ದಾರಿಯನ್ನೇ ಪ್ರವಾಸ ಮಾಡಿಕೊಳ್ಳಬಹುದು. ಬಂದ ಹಾದಿಯಲ್ಲಿ ಮರಳದೆ ಜೋಯಿಡಾದಿಂದ ಕುಂಬಾರವಾಡದ ಮೇಲೆ ಉಳವಿ, ಅಲ್ಲಿಂದ ಗುಂದ, ಸಿಂಥೇರಿ, ಪೊಟೋಲಿ ದಾಟಿ ದಾಂಡೇಲಿಗೆ ಇಳಿಯಿರಿ. ಬೆಳಿಗ್ಗೆ ಏಳಕ್ಕೆ ಹೊರಟರೆ ಆತುರವಿಲ್ಲ. ಉಳವಿಯಲ್ಲಿ ಚನ್ನಬಸವಣ್ಣನ ಸಮಾಧಿಯಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯ ನಂತರ ಶರಣರು ಈ ಕಾಡಿಗೆ ಬಂದು ಸೇರಿದರೆಂಬ ನಂಬಿಕೆಯ ಜಾಗ. ಸುತ್ತಲಿನ ಗುಹೆಗಳಿಗೆ ಅಕ್ಕನಾಗಮ್ಮ ಮೊದಲಾದವರ ಹೆಸರು. ಗುಹೆಗಳಿಗೆ ಹೋಗುವಾಗ ಟಾರ್ಚ್ ಮತ್ತು ಸ್ಥಳೀಯರೊಬ್ಬರು ಜೊತೆಗಿರಲಿ. ಬಸವಕಲ್ಯಾಣ ಇಲ್ಲಿಂದ ಎಷ್ಟು ದೂರ ಎಂದು ಒಮ್ಮೆ ನಕ್ಷೆಯಲ್ಲಿ ನೋಡಿದರೆ, ನಮ್ಮ ಚಾರಣಗಳ ಬಗ್ಗೆ ಜಂಬ ಪಡುವುದು ಸ್ವಲ್ಪ ಕಡಿಮೆಯಾಗುತ್ತದೆ.

ಸಿಂಥೇರಿಯಲ್ಲಿ ಕಾನೇರಿ ಹೊಳೆ ಕೊರೆದ, ನೂರು ಮೀಟರ್‌ಗೆ ಹತ್ತಿರವಿರುವ ಏಕಶಿಲೆ ಎದ್ದು ನಿಂತಿದೆ. ಮೆಟ್ಟಿಲುಗಳನ್ನು ಇಳಿದು ಹೋಗಬೇಕು, ಹತ್ತುವಾಗ ಮಂಡಿ ನೋವಿನವರಿಗೆ ತೊಂದರೆ. ಬಂಡೆಯ ಮೈಗೆ ಹೆಜ್ಜೇನಿನ ಹುಟ್ಟುಗಳು ನೇತಾಡುತ್ತಿರುತ್ತವೆ. ಹೊಗೆ ಎಬ್ಬಿಸುವುದು, ಕಿರುಚುವುದು, ಗಾಢ ಸುಗಂಧ ಹಚ್ಚಿಕೊಂಡು ಹೋಗುವುದು ಅಪಾಯವನ್ನು ಕರೆದಂತೆ. ಕೆಳಗಿನ ನೀರಿಗೆ ಇಳಿಯಬೇಡಿ. ಗೇಟು ಸಂಜೆಗೆ ಮುಂಚೆಯೇ ಮುಚ್ಚುವುದರಿಂದ ಮಧ್ಯಾಹ್ನದೊಳಗೆ ತಲುಪುವಂತೆ ನೋಡಿಕೊಳ್ಳಿ.

ನದಿಯ ವಿಚಾರ

ಇಡೀ ಪ್ರವಾಸದಲ್ಲಿ ನಿಜವಾದ ಅಪಾಯ ಇರುವುದು ನೀರಿನಲ್ಲಿ. ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ವಿದ್ಯುದಾಗಾರ ಓಡುವುದು ನಾಡಿನ ವಿದ್ಯುತ್ ಬೇಡಿಕೆಗೆ ತಕ್ಕಂತೆ, ಪ್ರವಾಸಿಗರ ಬೇಡಿಕೆಗಲ್ಲ. ಯಂತ್ರ ನಿಂತರೆ ನದಿಯಲ್ಲಿ ಬಂಡೆಗಳು ಮೇಲೇಳುತ್ತವೆ, ರಾಫ್ಟ್ ಸಾಗದು. ಯಂತ್ರ ಶುರುವಾದರೆ ಮೊಣಕಾಲುದ್ದದ ನೀರು ನೋಡುನೋಡುತ್ತ ಏರುತ್ತದೆ. ಹೀಗಾಗಿ ‘ನೀರು ಕಡಿಮೆ ಇದೆಯಲ್ಲ’ ಎಂದು ನದಿ ನಡುವಿನ ಬಂಡೆಯ ಮೇಲೆ ಹೋಗಿ ಕುಳಿತುಕೊಳ್ಳುವುದು ಅತಿ ದೊಡ್ಡ ತಪ್ಪು. ಮಳೆ ಇಲ್ಲ, ಮೋಡ ಇಲ್ಲ, ಆದರೂ ನೀರು ಬರುತ್ತದೆ. ಇನ್ನು ದಾಂಡೇಲಿ ಹತ್ತಿರ ಬಂದಂತೆ ಕಾಳಿಯಲ್ಲಿ ಮೊಸಳೆಗಳಿವೆ. ರೆಸಾರ್ಟಿನ ಹಿಂಬದಿಯ ದಡ ಎಷ್ಟೇ ಶಾಂತವಾಗಿ ಕಂಡರೂ ಈಜಲು ಇಳಿಯಬೇಡಿ. ಎಲ್ಲಿ ಇಳಿಯಬಹುದು ಎಂಬುದನ್ನು ಅಲ್ಲಿನವರು ಬೆರಳು ಮಾಡಿ ತೋರಿಸಿದರೆ ಮಾತ್ರ ಇಳಿಯಿರಿ.

ರಾಫ್ಟಿಂಗ್‌ನಲ್ಲಿ ಎರಡು ಬಗೆಯಿದೆ. ಒಂದು ಕಿಲೋಮೀಟರ್ ಆಸುಪಾಸಿನ ಕಿರು ಓಟ ಮತ್ತು ಹತ್ತು ಕಿಲೋಮೀಟರ್ ಹತ್ತಿರದ ದೀರ್ಘ ಓಟ. ಮಕ್ಕಳು, ಹಿರಿಯರು ಇರುವ ಕುಟುಂಬಕ್ಕೆ ಕಿರಿದು ಸಾಕು. ಆದರೆ ಸಾಹಸಕ್ಕೆಂದೇ ಹೊರಟವರು ದೀರ್ಘ ಓಟವನ್ನೇ ಕೇಳಿ. ಕಿರು ಓಟದಲ್ಲಿ ನದಿ ಶುರುವಾಗುವಷ್ಟರಲ್ಲಿ ಮುಗಿದಿರುತ್ತದೆ. ಎರಡಕ್ಕೂ ವಯಸ್ಸಿನ ಮಿತಿ ಬೇರೆ ಬೇರೆ, ಮಕ್ಕಳಿದ್ದರೆ ಮೊದಲೇ ವಿಚಾರಿಸಿ. ಅದರ ಜೊತೆಗೆ ಕಟ್ಟಿಕೊಡುವ ಜಾರ್ಬಿಂಗ್, ಜಕೂಜಿ ಮುಂತಾದ ಆಟಗಳ ಪ್ಯಾಕೇಜಿಗೆ ಹಣ ಸುರಿಯಬೇಕೋ ಬೇಡವೋ ನಿಮ್ಮ ಇಷ್ಟ. ಪ್ಲಾಸ್ಟಿಕ್ ಚೆಂಡಿನೊಳಗೆ ಉರುಳಾಡಲು ಇಷ್ಟು ದೂರ ಬರಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ದಡದಲ್ಲಿ ನಿಂತು ನೋಡಬೇಕಾದ್ದು ಇಷ್ಟು. ಲೈಫ್ ಜಾಕೆಟ್‌ನ ಎಲ್ಲ ಬಕಲ್‌ಗಳೂ ಇವೆಯೇ? ಹಾಕಿಕೊಂಡ ಮೇಲೆ ಹೆಗಲ ಪಟ್ಟಿ ಹಿಡಿದು ಯಾರಾದರೂ ಮೇಲೆತ್ತಲಿ. ಜಾಕೆಟ್ ಕಿವಿಯವರೆಗೆ ಏರಿದರೆ ಅದು ಸಡಿಲ, ಬದಲಿಸಿ. ಹೆಲ್ಮೆಟ್ ಕೊಡದವರ ರಾಫ್ಟ್ ಹತ್ತಬೇಡಿ. ರಾಫ್ಟ್‌ನಲ್ಲಿ ಕೂರಿಸುವ ಜನರ ಮಿತಿ ಎಷ್ಟು ಎಂದು ಕೇಳಿ, ನಂತರ ತಲೆ ಎಣಿಸಿ. ಒಬ್ಬರು ಹೆಚ್ಚಾದರೂ ಇಳಿದುಬಿಡಿ. ಸಂಕೋಚಪಟ್ಟು ಸುಮ್ಮನಿರುವ ಜಾಗ ಇದಲ್ಲ. ಹೊರಡುವ ಮುಂಚೆ ಮಾರ್ಗದರ್ಶಕ ನೀರಿಗೆ ಬಿದ್ದರೆ ಹೇಗಿರಬೇಕು ಎಂಬುದನ್ನು ಹೇಳಿಕೊಡಲೇಬೇಕು. ಅವರು ಮರೆತರೂ ನೀವು ನೆನಪಿಡಿ: ಬೆನ್ನ ಮೇಲೆ ತೇಲಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಮೇಲಕ್ಕೆ ಚಾಚಿ. ಹರಿವ ನೀರಿನಲ್ಲಿ ಎದ್ದು ನಿಲ್ಲಲು ಹೋದರೆ ಪಾದ ಬಂಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಕನ್ನಡಕಕ್ಕೆ ದಾರ ಕಟ್ಟಿ. ಮದ್ಯ ಕುಡಿದವರನ್ನು ದಡದಲ್ಲೇ ಬಿಡಿ, ಅವರು ಎಷ್ಟೇ ಆಪ್ತರಾಗಿದ್ದರೂ.

ಚೀಲದೊಳಗೆ

ಉದ್ದ ತೋಳಿನ ತೆಳು ಅಂಗಿ ಎರಡು, ಬೇಗ ಒಣಗುವ ಪ್ಯಾಂಟು, ಹಿಡಿತವಿರುವ ಹಳೆಯ ಶೂ, ನೀರಿಗೆ ಹಿಂಬದಿ ಪಟ್ಟಿಯ ಚಪ್ಪಲಿ, ತಲೆಗೆ ಕಟ್ಟುವ ಟಾರ್ಚು, ನೀರಿನ ಬಾಟಲಿ, ಒದ್ದೆ ಬಟ್ಟೆಗೆ ಒಂದು ಬೇರೆ ಚೀಲ. ಕಾಡಿನ ನಡಿಗೆಗೆ ಕಣ್ಣು ಕುಕ್ಕುವ ಬಣ್ಣ ಬೇಡ. ಕಂದು, ಹಸಿರು ಇರಲಿ. ಹೊಸ ಶೂ ಕೊಂಡು ನೇರ ಅಲ್ಲಿಗೆ ಹಾಕಿಕೊಂಡು ಹೋದರೆ ಮೊದಲ ಸಂಜೆಗೇ ಹಿಮ್ಮಡಿ ಬೊಬ್ಬೆ ಏಳುತ್ತದೆ.

ಉಂಬಳಕ್ಕೆ ಹೆದರಬೇಕಿಲ್ಲ. ಕಾಲುಚೀಲದ ಮೇಲೆ ಹೊಗೆಸೊಪ್ಪು, ಸುಣ್ಣ ತಿಕ್ಕಿಕೊಳ್ಳುವುದು ಮಲೆನಾಡಿನ ಹಳೆಯ ಉಪಾಯ. ಕಚ್ಚಿದರೆ ರಕ್ತ ಸ್ವಲ್ಪ ಹೊತ್ತು ಹರಿಯುತ್ತದೆ, ತೊಳೆದು ಒತ್ತಿ ಹಿಡಿದರೆ ಸಾಕು. ನಿಜಕ್ಕೂ ಎಚ್ಚರ ವಹಿಸಬೇಕಾದ್ದು ಉಣುಗಿನ ಬಗ್ಗೆ. ಉಣುಗು ಕಚ್ಚುವುದರಿಂದ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಆಮೇಲೆ ಅದು ಉತ್ತರ ಕನ್ನಡದಲ್ಲೂ ಕಾಣಿಸಿಕೊಂಡಿದೆ. ಹೆಚ್ಚು ಪ್ರಕರಣಗಳು ಬರುವುದು ಡಿಸೆಂಬರ್‌ನಿಂದ ಮೇವರೆಗೆ, ಎಂದರೆ ಪ್ರವಾಸದ ಕಾಲದಲ್ಲೇ. ತರಗೆಲೆಯ ಮೇಲೆ ಕೂರಬೇಡಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ, ಉಣುಗು ನಿವಾರಕ ತೈಲ ಹಚ್ಚಿಕೊಳ್ಳಿ. ನಡಿಗೆಯಿಂದ ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳಿ. ಎಲ್ಲಾದರೂ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಊರವರಿಗೆ ತಿಳಿಸಿ.

ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ, ಗಾಬರಿ ಮಾಡದೆ ಆಸ್ಪತ್ರೆಗೆ ಸಾಗಿಸಿ. ಜೋಯಿಡಾ, ದಾಂಡೇಲಿಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ, ದೊಡ್ಡ ಚಿಕಿತ್ಸೆಗೆ ಹುಬ್ಬಳ್ಳಿಯ ಕೆಎಂಸಿ-ಆರ್‌ಐ ಆಸ್ಪತ್ರೆ (ಹಿಂದಿನ ಕಿಮ್ಸ್). ಆಂಬುಲೆನ್ಸ್‌ಗೆ 108. ಸಿಗ್ನಲ್ ಇಲ್ಲದ ಕಡೆ ತಂಗುವವರು ಮನೆಯವರ ಸ್ಥಿರ ದೂರವಾಣಿ ಅಥವಾ ಸಿಗ್ನಲ್ ಸಿಗುವ ದಿಬ್ಬ ಯಾವುದು ಎಂದು ಮೊದಲ ದಿನವೇ ತಿಳಿದುಕೊಳ್ಳಿ.

ಹಣದ ಲೆಕ್ಕ

ದರಗಳು ಋತುವಿಗೊಂದು, ವಾರಾಂತ್ಯಕ್ಕೊಂದು. ಆದ್ದರಿಂದ ಅಂಕಿಗಳ ಬದಲು ಕ್ರಮ ಹೇಳುತ್ತೇನೆ. ಊಟ ಸೇರಿದ ವಸತಿ ತಲೆಗೆ ಇಷ್ಟು ಎಂಬ ಲೆಕ್ಕದಲ್ಲಿ ಇರುವುದರಿಂದ ಅದು ಸುಲಭ. ಜೇಬಿಗೆ ಭಾರವಾಗುವುದು ಜೀಪು. ನಾಲ್ವರಿಂದ ಆರು ಜನರ ಗುಂಪಾದರೆ ಜೀಪಿನ ಬಾಡಿಗೆ ಹಂಚಿಹೋಗುತ್ತದೆ, ಇಬ್ಬರೇ ಹೋದರೆ ಅದೇ ದೊಡ್ಡ ಖರ್ಚು. ಆರಕ್ಕಿಂತ ಹೆಚ್ಚಾದರೆ ಎರಡನೆಯ ಗಾಡಿ ಬೇಕಾಗುತ್ತದೆ, ಜೊತೆಗೆ ಎಲ್ಲರನ್ನೂ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಹೊರಡಿಸುವ ಶಿಕ್ಷೆ ಬೇರೆ. ಒಟ್ಟು ಅಂದಾಜಿನ ಐದನೇ ಒಂದು ಭಾಗವನ್ನು ಮುಟ್ಟದೆ ಇಡಿ. ಬಸ್ ತಪ್ಪುವುದು, ಇನ್ನೊಂದು ರಾತ್ರಿ ಉಳಿಯಬೇಕಾಗುವುದು ಇಲ್ಲಿ ಅಸಾಧಾರಣವೇನಲ್ಲ.

ಚೌಕಾಸಿಯ ಬಗ್ಗೆಯೂ ಹೇಳಬೇಕು. ದೊಡ್ಡ ರೆಸಾರ್ಟಿನ ಜೊತೆ ಧಾರಾಳವಾಗಿ ಮಾಡಿ. ತೋಟದ ಮನೆಯವರ ಜೊತೆ, ನಡಿಗೆಗೆ ಬರುವ ಹುಡುಗನ ಜೊತೆ ಮಾಡಬೇಡಿ.

ಊರಿನವರ ನಡುವೆ

ಕುಣಬಿ, ಗೌಳಿ, ಸಿದ್ದಿ ಜನರು ಈ ಕಾಡಿನಲ್ಲಿ ಹುಲಿ ಯೋಜನೆ ಬರುವುದಕ್ಕೂ ಬಹಳ ಮೊದಲಿನಿಂದ ಇದ್ದವರು. ಮನೆಯಲ್ಲಿ ಕೊಂಕಣಿಯೋ ಮರಾಠಿಯೋ, ಹೊರಗೆ ಕನ್ನಡ. ಅಂಗಳದಲ್ಲಿ ಕುಳಿತ ಅಜ್ಜಿಯ ಫೋಟೊ ತೆಗೆಯುವ ಮುನ್ನ ‘ಆಯಿ, ತೆಗೆಯಲೇ?’ ಎಂದು ಕೇಳುವಷ್ಟು ಸೌಜನ್ಯ ಸಾಕು. ಊಟಕ್ಕೆ ಪಟ್ಟಿ ಕೊಡಬೇಡಿ. ಅಂದು ಮನೆಯಲ್ಲಿ ಮಾಡಿದ್ದನ್ನು ಕೇಳಿ. ಅಕ್ಕಿ ರೊಟ್ಟಿ, ಗೆಡ್ಡೆಯ ಪಲ್ಯ, ಹೊಳೆ ಮೀನಿನ ಸಾರು, ಮುರುಗಲಿನ ಕಡಿ ಸಿಕ್ಕರೆ ಅದೃಷ್ಟ. ಅಂಥ ಮನೆಯಲ್ಲಿ ಕೂತು ಗೋಬಿ ಮಂಚೂರಿ ಕೇಳುವವರನ್ನು ಕಂಡಿದ್ದೇನೆ, ಅವರ ಬಗ್ಗೆ ಏನು ಹೇಳುವುದೋ ತಿಳಿಯುವುದಿಲ್ಲ.

ಪ್ಲಾಸ್ಟಿಕ್ ಪೊಟ್ಟಣಗಳನ್ನು ನಿಮ್ಮ ಚೀಲದಲ್ಲೇ ಮರಳಿ ತನ್ನಿ. ಕಾಡೂರುಗಳಲ್ಲಿ ಕಸದ ಗಾಡಿ ಬರುವುದಿಲ್ಲ, ಬಿಟ್ಟುಬಂದದ್ದನ್ನು ಸುಡುತ್ತಾರೆ ಅಥವಾ ದನ ತಿನ್ನುತ್ತದೆ.

ಮರಳಿದ ಮೇಲೆ

ಒದ್ದೆ ಶೂ, ಚೀಲಗಳನ್ನು ಮನೆಯೊಳಗೆ ತರುವ ಮುಂಚೆ ಬಿಸಿಲಿಗೆ ಹಾಕಿ, ಹೊಲಿಗೆಗಳ ಸಂದಿಯಲ್ಲಿ ಉಣುಗು ಉಳಿದಿದೆಯೇ ನೋಡಿ. ಕಾಡಿನಲ್ಲಿ ನಡೆದಾಡಿದ ಹತ್ತು ದಿನಗಳೊಳಗೆ ಚಳಿ, ಜ್ವರ, ವಿಪರೀತ ತಲೆನೋವು, ಮೈಕೈ ನೋವು ಕಾಣಿಸಿಕೊಂಡರೆ ಮಾತ್ರೆ ನುಂಗಿ ಕಾಯುತ್ತ ಕೂರಬೇಡಿ. ವೈದ್ಯರ ಬಳಿ ಹೋಗಿ, ಉತ್ತರ ಕನ್ನಡದ ಕಾಡಿಗೆ ಹೋಗಿದ್ದಾಗಿ, ಯಾವ ದಿನಾಂಕಗಳಲ್ಲಿ ಅಲ್ಲಿದ್ದಿರೆಂಬುದನ್ನು ನೀವಾಗಿಯೇ ಹೇಳಿ. ಬೆಂಗಳೂರಿನ ಅಥವಾ ಪುಣೆಯ ವೈದ್ಯರಿಗೆ ಮಂಗನ ಕಾಯಿಲೆ ಮೊದಲು ಹೊಳೆಯುವ ಕಾಯಿಲೆಯಲ್ಲ. ಗುಂಪಿನಲ್ಲಿ ಒಬ್ಬರಿಗೆ ಜ್ವರ ಬಂದರೆ ಉಳಿದವರಿಗೂ ತಿಳಿಸಿ, ಹೋಂಸ್ಟೇಯವರಿಗೂ ಒಂದು ಕರೆ ಮಾಡಿ. ಆ ಸುದ್ದಿ ಅಲ್ಲಿನ ಆರೋಗ್ಯ ಕೇಂದ್ರಕ್ಕೆ ಬೇಕಾಗಿರುತ್ತದೆ.